ತಾತ್ವಿಕ ಒಪ್ಪಿಗೆ

ಮಗಳ ನಿಶ್ಚಿತಾರ್ಥವನ್ನು ಶಿವರುದ್ರಪ್ಪ ಕೆಡಿಸಿದ ಅಂತ ವಿಜಯನಗರದ ನಮ್ಮ ಬೀದಿಯಲ್ಲಿ ಈಗಲೂ ಮಾತಾಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆಡುವವರ ಬಾಯಿಗೆ ಕೈ ಅಡ್ಡ ಹಿಡಿಯೋಕಾಗುತ್ತದೆಯೇ? ಆ ಶಿವರುದ್ರಪ್ಪ ನಾನೇ. ಅವತ್ತು ನಾನು ಆಡಿದ್ದು ಮೂರೇ ಪದ, ಮೂರೂ ಸರ್ಕಾರಿ ಕಡತದಲ್ಲಿ ದಿನಾ ಓಡಾಡುವ ಮರ್ಯಾದಸ್ಥ ಪದಗಳು. ಅದರಲ್ಲಿ ತಪ್ಪೆಲ್ಲಿದೆ ತೋರಿಸಿ ಅಂತ ಇದುವರೆಗೆ ಹನ್ನೆರಡು ಜನಕ್ಕೆ ಸವಾಲು ಹಾಕಿದ್ದೇನೆ, ಒಬ್ಬರೂ ತೋರಿಸಿಲ್ಲ. ನನ್ನ ಹೆಂಡತಿ ಪಾರ್ವತಮ್ಮ ಒಬ್ಬಳು ತೋರಿಸಲು ಬಂದಳು, ಆದರೆ ನನಗೆ ಅಷ್ಟರಲ್ಲಿ ವಾಕಿಂಗಿಗೆ ಹೊತ್ತಾಗಿತ್ತು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಸಾಮಾನ್ಯ ಜನಕ್ಕೆ 'ಆಯ್ತು' ಅನ್ನುವುದು ಒಂದೇ ಮಾತು. ನಮ್ಮಲ್ಲಿ ಅದಕ್ಕೊಂದು ಏಣಿಯೇ ಇದೆ. ಕೆಳಗೆ ಶಿಫಾರಸು. ಅದರ ಮೇಲೆ ತಾತ್ವಿಕ ಒಪ್ಪಿಗೆ, ಅಂದರೆ ವಿಷಯ ಸರಿಯಿದೆ, ವಿವರ ಆಮೇಲೆ ನೋಡೋಣ ಅಂತ. ಅದರ ಮೇಲೆ ಅನುಮೋದನೆ, ಆಮೇಲೆ ಮಂಜೂರಾತಿ. ಕೆಲಸ ಮೊದಲೇ ಆಗಿಹೋಗಿದ್ದರೆ ಘಟನೋತ್ತರ ಮಂಜೂರಾತಿ. ನಿಜ ಅಂತ ಇನ್ನೊಬ್ಬರು ಸಹಿ ಹಾಕಿದರೆ ದೃಢೀಕರಣ, ಅದನ್ನು ಇನ್ನೂ ಮೇಲಿನವರು ಎತ್ತಿಹಿಡಿದರೆ ಸ್ಥಿರೀಕರಣ. ಈ ಏಣಿಯ ಒಂದೊಂದು ಮೆಟ್ಟಿಲೂ ನನಗೆ ಗೊತ್ತು, ಹತ್ತಿದ್ದು ಮಾತ್ರ ಒಂದನ್ನೂ ಇಲ್ಲ. ನಾನು ಬರೆದದ್ದೆಲ್ಲ 'ಅನುಮೋದನೆಗಾಗಿ ಮಂಡಿಸಿದೆ' ಅಂತಲೇ. ನನ್ನ ಮೇಲೆ ಸಾಹೇಬರಿದ್ದರು, ಅವರ ಮೇಲೆ ಇನ್ನೊಬ್ಬ ಸಾಹೇಬರಿದ್ದರು. ಒಂದು ಮುರುಕು ಕುರ್ಚಿ ವಿಲೇವಾರಿ ಮಾಡುವುದಕ್ಕೂ ನಾನಾಗಿ ಹೂಂ ಅಂದವನಲ್ಲ. ಅದಕ್ಕೇ ಸ್ವಾಮಿ, ಮೂವತ್ತನಾಲ್ಕು ವರ್ಷದಲ್ಲಿ ನನ್ನ ಮೇಲೆ ಒಂದೇ ಒಂದು ವಿಚಾರಣೆ ನಡೆದಿಲ್ಲ.

ಮನೆಯಲ್ಲೂ ಅದೇ ಪದ್ಧತಿ. ಸಾರಿಗೆ ಉಪ್ಪು ಸಾಕಾ ಅಂತ ಪಾರ್ವತಮ್ಮ ಕೇಳಿದರೆ, ಮೇಲ್ನೋಟಕ್ಕೆ ಸಾಕು ಅಂತ ಕಂಡುಬರುತ್ತದೆ ಅನ್ನುತ್ತೇನೆ. ಅವಳು ಮತ್ತೊಂದು ಚಿಟಿಕೆ ಹಾಕುತ್ತಾಳೆ. ಹೀಗೆ ಸಂಸಾರ ಚೆನ್ನಾಗಿಯೇ ನಡೆದಿತ್ತು.

ನಮಗೆ ಒಬ್ಬಳೇ ಮಗಳು, ಅಕ್ಷತಾ. ಇಲವಾಲದ ಪಶು ಆಸ್ಪತ್ರೆಯಲ್ಲಿ ಸರ್ಕಾರಿ ಪಶುವೈದ್ಯಾಧಿಕಾರಿ. ಹಸುವಿನ ಮೂತಿ ನೋಡಿ ಎರಡು ನಿಮಿಷದಲ್ಲಿ ತೀರ್ಮಾನ ಮಾಡುವವಳು. ಈ ದುಡುಕು ಅವಳಿಗೆ ಯಾರ ಕಡೆಯಿಂದ ಬಂತೋ ಗೊತ್ತಿಲ್ಲ, ನನ್ನ ಕಡೆಯಿಂದಂತೂ ಅಲ್ಲ. ಗೋಕುಲಂನಲ್ಲಿ ಯೋಗ ಕಲಿಸುವ ಶಿವಕಿರಣ್ ಅನ್ನುವ ಹುಡುಗ ಕಾಲು ಮುರಿದ ಬೀದಿನಾಯಿಯೊಂದನ್ನು ಅವಳ ಹತ್ತಿರ ತಂದನಂತೆ. ನಾಯಿಗೆ ಪಟ್ಟಿ ಬಿಚ್ಚುವಷ್ಟರಲ್ಲಿ ಇವರಿಬ್ಬರೂ ಮದುವೆಯ ಮಾತಾಡಿಕೊಂಡಿದ್ದರು. ಹುಡುಗ ನಮ್ಮವನೇ, ಒಳ್ಳೆಯವನು, ಎಂಥ ಸಂದರ್ಭದಲ್ಲೂ ನಿಧಾನವಾಗಿ ಉಸಿರಾಡುತ್ತಾನೆ. ನನಗೂ ಮನಸ್ಸಿಗೆ ಬಂದಿದ್ದ. ಇದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಅದು ಬೇರೆ ಮಾತು.

ಮೇ ತಿಂಗಳ ಮೊದಲನೇ ಭಾನುವಾರ ನಮ್ಮ ಮನೆಯ ಹಾಲಿನಲ್ಲಿ ನಿಶ್ಚಿತಾರ್ಥ. ನಮ್ಮಲ್ಲಿ ಶಾಸ್ತ್ರ ಹೀಗೆ: ಐನೋರು ಎಲ್ಲರ ಮುಂದೆ ಹೆಣ್ಣಿನ ಅಪ್ಪನನ್ನು ಒಪ್ಪಿಗೆ ಇದೆಯೇ ಅಂತ ಕೇಳುತ್ತಾರೆ. ಅವನು ಇದೆ ಅನ್ನುತ್ತಾನೆ. ಎರಡು ಕಡೆಯವರೂ ವೀಳ್ಯದೆಲೆ, ಕಾಯಿ ಇಟ್ಟ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿಗೆ ಸಂಬಂಧ ಕುದುರಿದ ಹಾಗೆ. ಹುಡುಗನಿಗೆ ತಂದೆ ಇಲ್ಲ, ಹಾಗಾಗಿ ತಟ್ಟೆ ಹಿಡಿದು ಕೂತಿದ್ದವರು ಅವನ ದೊಡ್ಡಪ್ಪ ವೃಷಭೇಂದ್ರಪ್ಪನವರು. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅರ್ಜಿಯ ಅಂಚಿನಲ್ಲಿ ಒಂದು ಬೆರಳು ಜಾಗ ಕಮ್ಮಿ ಬಿಟ್ಟಿದ್ದರೂ ಕಕ್ಷಿದಾರನನ್ನು ಊರಿಗೆ ವಾಪಸ್ ಅಟ್ಟಿದ ಖ್ಯಾತಿ ಅವರದು.

ಐನೋರು ನನ್ನ ಕಡೆ ತಿರುಗಿ, ಈ ಸಂಬಂಧಕ್ಕೆ ತಮ್ಮ ಒಪ್ಪಿಗೆ ಇದೆಯೇ ಅಂದರು. ಐವತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ನಾನು ಅಭ್ಯಾಸಬಲದಿಂದ ಒಮ್ಮೆ ಮೇಲೆ ನೋಡಿದೆ. ಅಲ್ಲಿ ಫ್ಯಾನ್ ಬಿಟ್ಟರೆ ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳಿದೆ:

"ತಾತ್ವಿಕವಾಗಿ ಒಪ್ಪಿಗೆ ಇದೆ."

ವೃಷಭೇಂದ್ರಪ್ಪನವರು ಎತ್ತಿದ ತಟ್ಟೆಯನ್ನು ಹಾಗೇ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಾತ್ವಿಕವಾಗಿ ಅಂದ್ರೆ, ಯಾವ ವಿವರ ಬಾಕಿ ಇದೆ ಸ್ವಾಮಿ?"

ಇಷ್ಟು ಜನರ ನಡುವೆ ಆ ಪದದ ಅರ್ಥ ಬಲ್ಲವರು ಇವರೊಬ್ಬರೇ ಆಗಬೇಕೇ? ನಾನು ಸಮಾಧಾನ ಮಾಡಲು ಹೋದೆ. ಷರತ್ತೇನೂ ಇಲ್ಲ, ಸಕ್ಷಮ ಪ್ರಾಧಿಕಾರದ ಅನುಮೋದನೆಗೆ ಒಳಪಟ್ಟು ಎಲ್ಲ ಸರಿಯಿದೆ ಅಂದೆ. ಆ ಸಕ್ಷಮ ಪ್ರಾಧಿಕಾರ ಯಾರು ಅಂತ ಅವರು ಕೇಳಿದರು. ನಾನು ಮತ್ತೆ ಫ್ಯಾನ್ ನೋಡಿದೆ. ಶಿವಕಿರಣ್ ನನ್ನ ಪಕ್ಕಕ್ಕೆ ಬಂದು, ಉಸಿರು ಪೂರ್ತಿ ಹೊರಗೆ ಬಿಡಿ ಮಾವ, ಆಮೇಲೆ ಹೇಳಿ ಅಂತ ಮೆಲ್ಲಗೆ ಹೇಳಿದ. ಉಸಿರು ಬಿಟ್ಟೆ, ಮತ್ತೆ ಒಳಗೆಳೆದುಕೊಂಡೆ.

ಅಷ್ಟರಲ್ಲಿ ಸುದ್ದಿ ಅಡುಗೆಮನೆ ಮುಟ್ಟಿತ್ತು. ಅಪ್ಪನಿಗೇ ಅನುಮಾನ ಇದೆ ಅಂದಮೇಲೆ ಹುಡುಗನಲ್ಲಿ ಏನೋ ಐಬಿದೆ ಅಂತ ಒಬ್ಬರು. ದಿನಾ ಗಂಟೆಗಟ್ಟಲೆ ತಲೆ ಕೆಳಗೆ ಮಾಡಿ ನಿಲ್ಲುತ್ತಾನಂತೆ, ಊಟ ಮಾಡಿದ್ದು ಎತ್ತ ಹೋಗುತ್ತೋ ಅಂತ ಇನ್ನೊಬ್ಬರು. ಪಕ್ಕದ ಮನೆಯ ಚಾಮಯ್ಯ ಬಸ್ ಓಡಿಸಿ ನಿವೃತ್ತನಾದವನು, ನೇರ ಮನುಷ್ಯ. ಎಲ್ಲರಿಗೂ ಕೇಳುವ ಹಾಗೆ ನನ್ನ ಕಿವಿಯಲ್ಲಿ ಗುಟ್ಟು ಹೇಳಿದ: "ಇದ್ದುದ್ದ ಏಳ್ಬುಡಿ ಸಾಮಿ. ಆ ಐದುನ್ಗೆ ಏನಾಗದೆ?"

ಹುಡುಗನ ಕಡೆಯವರು ತಟ್ಟೆ ಬದಲಾಯಿಸದೆ ಎದ್ದರು. ಹದಿನೈದು ದಿನದೊಳಗೆ ನಿಶ್ಶರ್ತ ಒಪ್ಪಿಗೆಯನ್ನು ಲಿಖಿತವಾಗಿ ದೃಢಪಡಿಸತಕ್ಕದ್ದು ಅಂತ ವೃಷಭೇಂದ್ರಪ್ಪನವರು ಬಾಗಿಲಲ್ಲಿ ನಿಂತು ಹೇಳಿದರು. ಪಾರ್ವತಮ್ಮ ಊಟ ಮಾಡಿಕೊಂಡು ಹೋಗಿ ಅಂತ ಅಂಗಲಾಚಿದಳು. ತಮ್ಮ ಹಕ್ಕುಗಳಿಗೆ ಬಾಧೆ ಬರದಂತೆ ಅಂತ ಹೇಳಿ ಅವರು ಕೂತು ನಾಲ್ಕು ಹೋಳಿಗೆ ತಿಂದರು.

ಆ ರಾತ್ರಿ ಮನೆಯಲ್ಲಿ ನನ್ನೊಂದಿಗೆ ಮಾತಾಡಿದ್ದು ಟೀವಿ ಮಾತ್ರ. ಬೆಳಿಗ್ಗೆ ಪಾರ್ವತಮ್ಮ ಕಾಫಿ ಕುಕ್ಕಿ, "ಒಂದು ಹೂಂ ಅನ್ನಕ್ಕೆ ನಿಮಗೇನ್ರೀ ಬಂದಿತ್ತು? ಜೂನ್ ಎಂಟಕ್ಕೆ ಮುಹೂರ್ತ ನೋಡಿದೀವಿ, ಆಮೇಲೆ ಆಷಾಢ. ಈ ಸಂಬಂಧ ತಪ್ಪಿದ್ರೆ ನಾನಂತೂ ನಿಮ್ಮನ್ನ ಬಿಡಲ್ಲ" ಅಂದಳು. ನಾನೂ ಬಿಡುವವನಲ್ಲ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾನೇನು ಕಳ್ಳತನ ಮಾಡಿದ್ದೆನೇ? ಲಿಖಿತ ತಾನೇ ಬೇಕು, ಕೊಡೋಣ ಅಂತ ಹೊಸ ಫೈಲು, ಟ್ಯಾಗು, ಕೆಂಪು ಪೆನ್ನು ತಂದು ಕೂತೆ.

ನನ್ನ ಮೊದಲ ಪತ್ರ ಎರಡು ಪುಟ. ಶಿವಕಿರಣ್ ಕೈಯಲ್ಲೇ ಮುದ್ದಾಂ ಕಳಿಸಿದೆ. ಮರುದಿನವೇ ಅದು ಮೂರು ಆಕ್ಷೇಪಣೆಗಳೊಂದಿಗೆ ವಾಪಸ್ ಬಂತು. ದಿನಾಂಕ ಇಲ್ಲ. 'ವಧು' ಎಂದರೆ ಯಾರೆಂದು ವಿವರಿಸಿಲ್ಲ. 'ತಾತ್ವಿಕ' ಎಂಬ ಪದವನ್ನು ಹಿಂಪಡೆದಿಲ್ಲ. ಮೊದಲೆರಡನ್ನು ಸರಿಪಡಿಸಿ, ಮೂರನೆಯದಕ್ಕೆ ಹಿಂಪಡೆಯಲು ಸಕಾರಣ ಕಂಡುಬಂದಿಲ್ಲ ಅಂತ ಬರೆದೆ. ಅದಕ್ಕೆ ಅವರು ಆರು ಪುಟದ ಉತ್ತರ ಕಳಿಸಿದರು. ಅಬ್ಬಾ, ಏನು ಒಕ್ಕಣೆ! ಪುಟಸಂಖ್ಯೆ ಹಾಕಿದ್ದರು, ಉಲ್ಲೇಖ ಕೊಟ್ಟಿದ್ದರು, ಅಡಕಗಳ ಪಟ್ಟಿಯನ್ನೂ ಇಟ್ಟಿದ್ದರು. ನಿವೃತ್ತನಾದಮೇಲೆ ಅಷ್ಟು ಚೆನ್ನಾದ ಪತ್ರ ನನ್ನ ಕೈಗೆ ಬಂದಿರಲಿಲ್ಲ. ಸುಳ್ಳೇಕೆ ಹೇಳಲಿ, ಓದುವಾಗ ಖುಷಿಯಾಯಿತು. ನಾನು ಒಂಬತ್ತು ಪುಟ ಬರೆದೆ. ಆಕಡೆ ಅವರೂ ಬೆಳಗಿನ ಜಾವಕ್ಕೇ ಎದ್ದು ಸ್ನಾನ ಮಾಡಿ ಮೇಜಿನ ಮುಂದೆ ಕೂರುತ್ತಾರೆ, ಮೊಣಕಾಲು ನೋವು ಅನ್ನುವುದನ್ನೇ ಬಿಟ್ಟಿದ್ದಾರೆ ಅಂತ ಶಿವಕಿರಣ್ ಹೇಳಿದ. ಅವನು ದಿನಾ ಟಪಾಲು ತರುತ್ತಿದ್ದ, ಪಾರ್ವತಮ್ಮನ ಕೈಯ ಕಾಫಿ ಕುಡಿಯುತ್ತಿದ್ದ, ಕಾಂಪೌಂಡಿನ ಹತ್ತಿರ ಅಕ್ಷತಾ ಜೊತೆ ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದ.

ಹದಿಮೂರನೇ ದಿನ ಬಂದ ಪತ್ರ ಮಾತ್ರ ಒಂದೇ ಸಾಲಿನದು. ಇನ್ನು ಹತ್ತು ದಿನದೊಳಗೆ ನೋಟರಿ ಮಾಡಿಸಿದ ಪ್ರಮಾಣಪತ್ರದ ಮೂಲಕ ಒಪ್ಪಿಗೆ ಬಾರದಿದ್ದಲ್ಲಿ ಪ್ರಕರಣವನ್ನು ಮುಕ್ತಾಯಗೊಳಿಸಿ, ವರನಿಗಾಗಿ ಕಾಯುತ್ತಿರುವ ನಂಜನಗೂಡಿನ ಸಂಬಂಧವನ್ನು ಪರಿಗಣಿಸಲಾಗುವುದು. ಆ ಒಂದು ಸಾಲನ್ನು ಮೂರು ಸಲ ಓದಿದೆ. ಪಾರ್ವತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಕ್ಷತಾ ಮಾತ್ರ ಅಳಲಿಲ್ಲ. ನನ್ನ ಕಡೆ ಒಂದು ಸಲ ನೋಡಿ, ಸ್ಕೂಟರ್ ಹತ್ತಿ ಡ್ಯೂಟಿಗೆ ಹೋದಳು.

ಅವತ್ತೇ ಕೋರ್ಟಿನ ಹತ್ತಿರದ ಒಂದು ಟೈಪಿಂಗ್ ಅಂಗಡಿಗೆ ಓಡಿದೆ. ಅಂಗಡಿಯ ರವಿಚಂದ್ರ, ಹೆಸರು ಬದಲಾವಣೆಗೆ ಫಾರ್ಮ್ಯಾಟ್ ಇದೆ, ಮಾರ್ಕ್ಸ್ ಕಾರ್ಡ್ ಕಳೆದದ್ದಕ್ಕೆ ಇದೆ, ಮಗಳನ್ನು ಕೊಡಲು ಒಪ್ಪಿದ್ದೇನೆ ಅನ್ನುವುದಕ್ಕೆ ಇಲ್ಲ ಸಾರ್ ಅಂದ. ಇಬ್ಬರು ಪಾರ್ಟಿ, ಒಬ್ಬರು ಕೊಡೋದು, ಒಬ್ಬರು ತಗೊಳೋದು ತಾನೇ, ನನ್ನ ಹತ್ರ ಹತ್ತಿರದ್ದು ಒಂದಿದೆ, ಹೆಸರು ಬದಲಾಯಿಸಿದರೆ ಆಯ್ತು ಅಂತ ಅವನೇ ದಾರಿ ತೋರಿಸಿದ. ನಾನು ಮೊದಲ ಪುಟ ಓದಿದೆ, ಬಹಳ ಗಂಭೀರವಾಗಿತ್ತು. ನೋಟರಿ ಸಹಿ, ದುಂಡು ಮೊಹರು, ಕೆಂಪು ಚೀಟಿ ಎಲ್ಲ ಬಿದ್ದಮೇಲೆ ಅದನ್ನು ಎದೆಗವಚಿಕೊಂಡು ಮನೆಗೆ ಬಂದು, ವೃಷಭೇಂದ್ರಪ್ಪನವರಿಗೆ ಖುದ್ದಾಗಿ ಬರಬೇಕೆಂದು ಫೋನ್ ಮಾಡಿದೆ.

ಸಂಜೆ ಅವರು ನಮ್ಮ ಹಾಲಿನಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಿದರು. ಕೋರ್ಟಿನವರು, ಎರಡನೇ ಪುಟವನ್ನು ಬಿಡುವವರಲ್ಲ. "ಸದರಿ ವಧುವನ್ನು ಹನ್ನೊಂದು ತಿಂಗಳ ಅವಧಿಗೆ ಮಾತ್ರ ಒಪ್ಪಿಸಿದ್ದು, ನಂತರ ಉಭಯತ್ರರ ಸಮ್ಮತಿಯ ಮೇರೆಗೆ ನವೀಕರಿಸಿಕೊಳ್ಳತಕ್ಕದ್ದು. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಒಳಬಾಡಿಗೆಗೆ ಕೊಡತಕ್ಕದ್ದಲ್ಲ. ಅವಧಿ ಮುಗಿದ ಮೇಲೆ ವಹಿಸಿಕೊಂಡ ಸ್ಥಿತಿಯಲ್ಲೇ ಸುಣ್ಣಬಣ್ಣ ಮಾಡಿಸಿ ಹಿಂದಿರುಗಿಸತಕ್ಕದ್ದು."

ಮನೆ ಬಾಡಿಗೆ ಕರಾರು. ಆ ರವಿಚಂದ್ರನ ಮನೆ ಹಾಳಾಗ. ಕಿಟಕಿಯಲ್ಲಿ ನಿಂತಿದ್ದ ಚಾಮಯ್ಯ ಲೆಕ್ಕ ಹಾಕಿ, ಅಂಗಾದ್ರೆ ಮುಂದಿನ್ ಯುಗಾದಿ ಆದ್ಮೇಲೆ ಮಗು ವಾಪಸ್ ಬತ್ತದಾ ಅಂದ. ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಅಕ್ಷತಾ, "ಮೊಳೆ ಹೊಡೆಯೋ ಹಾಗಿಲ್ವಂತೆ, ಅದೊಂದು ಒಳ್ಳೇದು ಬರೆಸಿದೀರಿ ಅಪ್ಪಾಜಿ" ಅಂತ ಹೇಳಿ ಒಳಗೆ ಹೋದಳು. ಆಮೇಲೆ ಒಂದು ವಾರ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆದರೂ ನಾನು ಸೋಲಲಿಲ್ಲ, ಬೇರೊಂದು ಪ್ರಮಾಣಪತ್ರ ಮಾಡಿಸಿದೆ.

ಈ ಸಲ ಅಕ್ಷರ ಅಕ್ಷರ ಓದಿ ಮಾಡಿಸಿದ್ದು. ಆದರೆ ಬೆಂದ ಬಾಯಿ ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ವೃಷಭೇಂದ್ರಪ್ಪನವರು ನೋಟರಿಯ ಮೇಲೆ ಭರವಸೆ ಹೋಗಿದೆ, ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕೇ ಬೇಕು ಅಂದರು. ಗಡುವಿಗೆ ಒಂದೇ ದಿನ ಉಳಿದಿತ್ತು. ಒಬ್ಬ ಪ್ರಿನ್ಸಿಪಾಲರ ಹತ್ತಿರ ಹೋದೆವು, ಅವರು ಓದಿ ನಕ್ಕು ಕಳಿಸಿದರು. ಇನ್ನೊಬ್ಬ ಇಂಜಿನಿಯರು ನಗದೆ ಕಳಿಸಿದರು. ಬಿಸಿಲಲ್ಲಿ ಇಬ್ಬರೂ ಎಳನೀರು ಕುಡಿಯುತ್ತ ನಿಂತಿದ್ದಾಗ ವೃಷಭೇಂದ್ರಪ್ಪನವರು ನನ್ನನ್ನೇ ನೋಡುತ್ತ, "ಅಲ್ರೀ, ಪಶುವೈದ್ಯಾಧಿಕಾರಿ ಗೆಜೆಟೆಡ್ ಅಲ್ವೇ?" ಅಂದರು. ಹೌದಲ್ಲ. ನಾನು ಮೂವತ್ತನಾಲ್ಕು ವರ್ಷ ಸವೆಸಿ ಮುಟ್ಟದ ಜಾಗವನ್ನು ನನ್ನ ಮಗಳು ಇಪ್ಪತ್ತಾರಕ್ಕೇ ಮುಟ್ಟಿದ್ದಳು. ಹುಣಸೂರು ರಸ್ತೆಯ ಬಸ್ ಹತ್ತಿ ಇಬ್ಬರೂ ಇಲವಾಲಕ್ಕೆ ಹೋದೆವು.

ಆಸ್ಪತ್ರೆಯ ಮುಂದೆ ಸಾಲು. ಹೊಟ್ಟೆ ಉಬ್ಬಿದ ಮೇಕೆ, ಕುಂಟುವ ನಾಯಿ, ಎರಡು ಹಸು, ಅವುಗಳ ಹಿಂದೆ ನಾವು, ನಮ್ಮ ಹಿಂದೆ ಒಂದು ಎಮ್ಮೆ. ಎಮ್ಮೆಯ ಯಜಮಾನ ನಮ್ಮ ಸುತ್ತ ಕಣ್ಣಾಡಿಸಿ, ನಿಮ್ಮುದ್ದು ಎಲ್ಲಿ ಅಂದ. ನಮ್ಮದು ಕಾಗದ ಅಂದೆ. ಕಾಗದುಕ್ಕೇನ್ ಕಾಯ್ಲೆ ಅಂತ ಅವನು ಕೇಳಿದ. ಅಕ್ಷತಾ ನಮ್ಮನ್ನು ನೋಡಿದಳು, ಕರೆಯಲಿಲ್ಲ. ಮುಕ್ಕಾಲು ಗಂಟೆ ನಿಂತಮೇಲೆ ನಮ್ಮ ಸರದಿ ಬಂತು.

ಅವಳು ಕೈಗವಸು ತೆಗೆದು ಪ್ರಮಾಣಪತ್ರವನ್ನು ಎರಡು ಪುಟವೂ ಓದಿದಳು.

"ದೃಢೀಕರಣ ಅಂದ್ರೆ ನಕಲನ್ನ ಮೂಲದ ಜೊತೆ ಹೋಲಿಸಿ ನೋಡಿ ಸಹಿ ಹಾಕೋದು. ಮೂಲ ಎಲ್ಲಿ?" ಅಂದಳು.

ಇದೇ ಮೂಲ ಅಂದೆ.

"ಇದು ಕಾಗದ. ಮೂಲ ಅಂದ್ರೆ ನೀವು ಒಪ್ಪಿದ್ದು. ಶಿವಕಿರಣ್ ನಿಮಗೆ ಒಪ್ಪಿಗೆ ಅಂತ ಯಾವತ್ತು ನನ್ನ ಹತ್ರ ಹೇಳಿದಿರಿ ಅಪ್ಪಾಜಿ? ಒಂದು ದಿನ ಹೇಳಿ."

ಮೂವತ್ತು ಪುಟ ಬರೆದಿದ್ದೆ, ಮಗಳಿಗೆ ಒಂದು ಮಾತು ಹೇಳಿರಲಿಲ್ಲ. ಆಕ್ಷೇಪಣೆ ಇಲ್ಲದೆ ಉಸಿರಾಡದ ವೃಷಭೇಂದ್ರಪ್ಪನವರೂ ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಕಾಗದವನ್ನು ಮಡಿಸಿ ನನ್ನ ಜೇಬಿಗಿಟ್ಟಳು.

"ನಾನೂ ಶಿವಕಿರಣೂ ನಿನ್ನೆ ಮಠಕ್ಕೆ ಹೋಗಿದ್ವಿ. ಅಮ್ಮನೂ ಅವರಮ್ಮನೂ ಐನೋರ ಮುಂದೆ ತಟ್ಟೆ ಬದಲಾಯಿಸಿಕೊಂಡ್ರು. ಲಗ್ನಪತ್ರಿಕೆ ಬರೆಸಿ ಆಯ್ತು, ಜೂನ್ ಎಂಟೇ. ಮದುವೆ ನಂದು, ಒಪ್ಪಿಗೆ ನಂದು, ಕೊಟ್ಟಾಗಿದೆ. ಬರೋದಾದ್ರೆ ಇಬ್ರೂ ಬನ್ನಿ, ಕಡತದ ಕೆಲಸ ಇದ್ರೆ ಮನೇಲೇ ಇರಿ."

ಹೆಂಗಸರಷ್ಟೇ ತಟ್ಟೆ ಬದಲಾಯಿಸಿದ್ದು ಊರ್ಜಿತವಾಗುವುದಿಲ್ಲವಲ್ಲಮ್ಮ ಅಂತ ವೃಷಭೇಂದ್ರಪ್ಪನವರು ಶುರು ಮಾಡಿದರು. ಅಕ್ಷತಾ ಅವರ ಕಡೆ ತಿರುಗಿ, ದೊಡ್ಡಪ್ಪ, ಇಲ್ಲಿ ಬಾಯಿ ಬಾರದ ಪ್ರಾಣಿಗಳು ಕಾಯ್ತಿವೆ ಅಂದಳು. ಅವರು ನಿಲ್ಲಿಸಿದರು. ಅವರನ್ನು ಹಾಗೆ ಅರ್ಧ ವಾಕ್ಯದಲ್ಲಿ ನಿಲ್ಲಿಸಿದವರು ಕೋರ್ಟಿನಲ್ಲೂ ಇರಲಿಲ್ಲವಂತೆ, ಆಮೇಲೆ ಅವರೇ ಹೇಳಿದರು.

ನನ್ನ ಹೆಂಡತಿ, ನನ್ನ ಬೆನ್ನ ಹಿಂದೆ, ನನ್ನ ಮಗಳ ಮದುವೆ ಗೊತ್ತುಮಾಡಿ ಬಂದು, ಬೆಳಿಗ್ಗೆ ಏನೂ ಆಗದವಳ ಹಾಗೆ ಉಪ್ಪಿಟ್ಟು ಬಡಿಸಿದ್ದಳು. ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ನನ್ನನ್ನು ಕೇಳದೆಯೇ ಎಲ್ಲ ನಡೆದುಹೋಗಿತ್ತು, ಇನ್ನು ನಾನು ಹೂಂ ಅಂದರೂ ಅಷ್ಟೇ, ಉಹೂಂ ಅಂದರೂ ಅಷ್ಟೇ. ಆದರೂ ಹೇಳದೆ ಅಲ್ಲಿಂದ ಕದಲಬಾರದು ಅಂತ ಹಟ ಹುಟ್ಟಿತು. ಎಮ್ಮೆಯವನು ಹಿಂದಿನಿಂದ ಮುಂದಕ್ಕೋಗಿ ಅಂತ ನೂಕುತ್ತಿದ್ದ. ನಾನು ಜಗ್ಗಲಿಲ್ಲ.

"ಒಪ್ಪಿದೀನಿ ಕಣವ್ವ," ಅಂದೆ. "ಆ ಹುಡುಗ ನಾಯಿ ಎತ್ಕೊಂಡು ಬಂದ ಅಂತ ನೀನು ಹೇಳಿದೆಯಲ್ಲ, ಅವತ್ತೇ ಒಪ್ಪಿದೆ. ನಾನೇ ಒಪ್ಪಿದೀನಿ. ನನ್ನ ಮೇಲೆ ಯಾರೂ ಇಲ್ಲ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಒಪ್ಪುದ್ರಂತೆ ಕಣಪ್ಪೋ, ಈಗಾರ ಜಾಗ ಬುಡ್ತಾರೆ," ಅಂತ ಎಮ್ಮೆಯವನು ಎಲ್ಲರಿಗೂ ತಿಳಿಸಿದ.

ಅಕ್ಷತಾ ಮುಖ ಆಕಡೆ ತಿರುಗಿಸಿ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಈ ಕಡೆ ತಿರುಗಿದಾಗ ಮತ್ತೆ ಡಾಕ್ಟರಾಗಿದ್ದಳು. ನಾನು ನಿಮ್ಮನ್ನ ಕೇಳಿರಲಿಲ್ಲ ಅಪ್ಪಾಜಿ, ಆದರೂ ಹೇಳಿದಿರಲ್ಲ, ಸಾಕು ಅಂದಳು. ಆಮೇಲೆ ಹೊಸ ಕೈಗವಸು ಹಾಕಿಕೊಂಡು, ಅಷ್ಟು ದೂರ ಬಂದಿದೀರಿ, ಸುಮ್ಮನೆ ನಿಲ್ಲಬೇಡಿ, ಅಲ್ಲೊಂದು ಕರುಗೆ ಸೂಜಿ ಹಾಕಬೇಕು, ಇಬ್ಬರೂ ಹಿಡ್ಕೊಳಿ ಅಂತ ಅಂಗಳಕ್ಕೆ ಕೈ ತೋರಿಸಿದಳು.

ಕರು ಒಳ್ಳೆ ಜೋರಿತ್ತು. ಯಾರು ಎಲ್ಲಿ ಹಿಡಿಯಬೇಕು ಅಂತ ನಾವಿಬ್ಬರೂ ಯಾರನ್ನೂ ಕೇಳಲಿಲ್ಲ. ನಾನು ಪಂಚೆ ಮೇಲೆ ಕಟ್ಟಿ ಕತ್ತು ಹಿಡಿದೆ, ನಮ್ಮ ಬೀಗರು ಹಿಂಗಾಲು ಹಿಡಿದರು.